ವಾಲಿಯ ಬೂದಿಗೆ ಲ್ಯಾಬ್ ರಿಪೋರ್ಟ್ ಯಾಕೆ ಬೇಕು?

(ರಜೆಗೆ ಊರಿಗೆ ಹೊರಟವರಿಗೆ, ಮೂರು ಕಂತು)

ಕಂತು 1

ಬೇಸಿಗೆ ರಜೆ ಹತ್ತಿರ ಬಂತು. ಸಿಲಿಕಾನ್ ಓಯಸಿಸ್‌ನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ವಿಮಾನದ ಟಿಕೆಟ್ ದರದ ಗೋಳು ಒಂದು ಹಂತಕ್ಕೆ ಮುಗಿದು, ಈಗ ಟೂರ್ ಪ್ಯಾಕೇಜ್ ಪೋಸ್ಟರ್‌ಗಳು ಶುರುವಾಗಿವೆ. ಅದರಲ್ಲಿ ಒಂದು: "ಕಿಷ್ಕಿಂಧಾ ದರ್ಶನ, ಮೂರು ದಿನ ಎರಡು ರಾತ್ರಿ, ರಾಮಾಯಣ ನಡೆದ ಜಾಗಗಳು, ವೈಜ್ಞಾನಿಕ ಪುರಾವೆ ಸಮೇತ." ಯಾರು ಹಾಕಿದ್ದು ಎಂದು ಕೇಳಬೇಡಿ, ಹೇಳುವುದಿಲ್ಲ. ಒಬ್ಬರು ಇಳಿಸಿದರೆ ಇನ್ನೊಬ್ಬರು ಹಾಕುತ್ತಾರೆ. ನನ್ನ ತಕರಾರು ಕೊನೆಯ ಮೂರು ಪದಗಳ ಮೇಲೆ ಮಾತ್ರ. ಆದರೆ ಆ ತಕರಾರು ಸಣ್ಣದಲ್ಲ, ಅದಕ್ಕೇ ಮೂರು ಕಂತು.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಾನು ಗಂಗಾವತಿ ತಾಲೂಕಿನವಳು. ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರ ಇವೆಲ್ಲ ನನಗೆ ಟೂರಿಸ್ಟ್ ಸ್ಪಾಟ್ ಅಲ್ಲ, ಬಸ್ ಹತ್ತಿ ಇಳಿದ ಊರುಗಳು. ಕಿಷ್ಕಿಂಧೆಯ ಕಥೆ ಕೇಳಿಯೇ ಬೆಳೆದವಳು. ಆ ಕಥೆ ಬೇಡ ಎಂದು ಯಾರಾದರೂ ಹೇಳಿದರೆ ಅವರ ಜೊತೆ ಜಗಳಕ್ಕೆ ನಿಲ್ಲುವವರಲ್ಲಿ ನಾನೂ ಒಬ್ಬಳು. ನನ್ನ ಜಗಳ ಕಥೆಗೆ ಪುರಾವೆ ಕಟ್ಟಿ ಮಾರುವವರ ಜೊತೆ.

ನಿಂಬಾಪುರದಿಂದ ಶುರು ಮಾಡೋಣ. ಪೋಸ್ಟರಿನಲ್ಲಿ ಈ ಹೆಸರು ಇಲ್ಲ. ಹಂಪಿಗೆ ಹತ್ತು ಸಲ ಹೋದವರಿಗೂ ಗೊತ್ತಿರುವುದು ಕಡಿಮೆ. ವಿಜಯವಿಠ್ಠಲ ದೇವಸ್ಥಾನದ ಪೂರ್ವಕ್ಕೆ ಸಣ್ಣ ಊರು. ಅಲ್ಲಿ ಒಂದು ಬೂದಿಯ ದಿಬ್ಬ ಇದೆ. ನೋಡೋಕೆ ಏನೂ ಇಲ್ಲ, ಬೂದು ಬಣ್ಣದ ಗುಡ್ಡೆ, ಮೇಲೆ ಜಾಲಿ ಮುಳ್ಳು. ಊರವರು ಅದನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟ, ವಾಲಿ ಬಿದ್ದ, ಅವನ ಚಿತೆಯ ಬೂದಿ ಇದು ಎಂದು. ನಮ್ಮ ಅಜ್ಜಿಯ ತವರು ಕಮಲಾಪುರದ ಕಡೆ. ಆಕೆ ಹೇಳುತ್ತಿದ್ದದ್ದು ಒಂದೇ ಸಾಲು: "ವಾಲೀನ ಸುಟ್ಟ ಬೂದಿ ಐತಿ ಅದು, ತುಳೀಬ್ಯಾಡ್ರಿ ಹುಡುಗ್ರಾ."

ಈಗ ಕಲ್ಲು-ಮಣ್ಣು ಓದುವವರು ಏನು ಹೇಳುತ್ತಾರೆ? ಬಳ್ಳಾರಿ, ರಾಯಚೂರು, ಯಾದಗಿರಿ, ಆಚೆ ತೆಲಂಗಾಣ-ಆಂಧ್ರದ ಗಡಿಯವರೆಗೂ ಇಂಥ ಬೂದಿ ದಿಬ್ಬಗಳು ಹರಡಿಕೊಂಡಿವೆ. ಬಳ್ಳಾರಿ-ಹೊಸಪೇಟೆ ರಸ್ತೆಯ ಕುಡತಿನಿಯಲ್ಲಿ ಇದೆ, ಸಂಗನಕಲ್ಲು-ಕುಪ್ಪಗಲ್ಲು ಕಡೆ ಇದೆ, ಬೂದಿಹಾಳದಲ್ಲಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ನೋಡಿದ ಯುರೋಪಿಯನ್ನರಲ್ಲಿ ಕೆಲವರು ಜ್ವಾಲಾಮುಖಿಯ ಬೂದಿ ಇರಬೇಕು ಎಂದುಕೊಂಡರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇದು ದನದ ಸಗಣಿ ಸುಟ್ಟ ಬೂದಿ, ನವಶಿಲಾಯುಗದ್ದು ಎಂದರು. ಆಮೇಲೆ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ರಾಯಚೂರಿನ ಆಚೆ ಉಟ್ನೂರಿನಲ್ಲಿ ಅಗೆದು ನೋಡಿ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿದ್ದನ್ನು ತೋರಿಸಿದರು. 1963ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ಬಯಲಿನಲ್ಲಿ ದನ ಕಾಯುತ್ತಿದ್ದ ಜನ ದೊಡ್ಡಿ ಕಟ್ಟಿ, ಸಗಣಿ ಒಟ್ಟಿ, ಮತ್ತೆ ಮತ್ತೆ ಬೆಂಕಿ ಇಟ್ಟಿದ್ದಾರೆ. ಬೆಂಕಿಯ ಶಾಖಕ್ಕೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ.

ಅವರು ಯಾಕೆ ಸುಟ್ಟರು? ಆಲ್ಚಿನ್ ಒಂದು ಕಡೆ ನಮ್ಮ ಹಬ್ಬಗಳ ಕಡೆ ಕೈ ತೋರಿಸುತ್ತಾರೆ. ಮಂಡ್ಯ-ಮೈಸೂರು ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವುದಿಲ್ಲವೇ, ಅಂಥ ದನ ಮತ್ತು ಬೆಂಕಿಯ ಆಚರಣೆಗಳ ಬೇರು ಅಷ್ಟು ಹಿಂದಕ್ಕೆ ಹೋಗಬಹುದು ಎಂದು. ಇದು ಊಹೆ, ಆದರೆ ಎಂಥ ಊಹೆ ನೋಡಿ. ಎತ್ತಿನ ಕೊಂಬಿಗೆ ಬಣ್ಣ ಬಳಿದು ಬೆಂಕಿ ಹಾರಿಸುವ ನಮ್ಮ ರೈತರ ಮನೆಯ ಹುಡುಗನ ಹಿಂದೆ ನಾಲ್ಕು ಸಾವಿರ ವರ್ಷದ ಸಾಲು ನಿಂತಿರಬಹುದು.

ಅಜ್ಜಿ ಹೇಳಿದ್ದರಲ್ಲಿ ಎಷ್ಟು ಸರಿ ಇತ್ತು ಅನ್ನೋದನ್ನೂ ಗಮನಿಸಿ. ಅದು ಬೂದಿ, ಯಾರೋ ಹಚ್ಚಿದ ದೊಡ್ಡ ಬೆಂಕಿಯ ಬೂದಿ, ಬಹಳ ಹಳೆಯದು. ಜ್ವಾಲಾಮುಖಿ ಎಂದ ಸಾಹೇಬರಿಗಿಂತ ನಿಂಬಾಪುರದವರು ಹತ್ತಿರ ಇದ್ದರು! ಜೊತೆಗೆ, ತುಳಿಯಬೇಡ ಎಂದಳು. ಎಷ್ಟೋ ಬೂದಿ ದಿಬ್ಬಗಳು ಗೊಬ್ಬರಕ್ಕೆ, ರಸ್ತೆಗೆ, ಕ್ವಾರಿಗೆ ಹೋಗಿಬಿಟ್ಟಿವೆ. ಒಂದು ದಿಬ್ಬದ ಮೇಲೆ ಸತ್ತವನ ಹೆಸರಿದ್ದರೆ ಗುದ್ದಲಿ ಹಾಕುವ ಕೈ ಒಂದು ಕ್ಷಣ ಹಿಂಜರಿಯುತ್ತದೆ. ಕಥೆ ಮಾಡುವ ಕೆಲಸ ಅದು. ಯಾವ ಕಾವಲುಗಾರನ ಸಂಬಳವೂ ಇಲ್ಲದೆ ಮಾಡುತ್ತದೆ.

ಈಗ ಇದೇ ದಿಬ್ಬಕ್ಕೆ "ವೈಜ್ಞಾನಿಕ ಪುರಾವೆ" ತಗಲಿಸಿ ನೋಡಿ. ನನಗೆ ಫಾರ್ವರ್ಡ್ ಆಗಿ ಬಂದ ಒಂದು ವಿಡಿಯೊದಲ್ಲಿ ಒಬ್ಬರು ಹೇಳುತ್ತಾರೆ: ಬೂದಿ ಸಿಕ್ಕಿದೆ, ಸಾವಿರಾರು ವರ್ಷ ಹಳೆಯದೆಂದು ವಿಜ್ಞಾನಿಗಳೇ ಒಪ್ಪಿದ್ದಾರೆ, ಆದ್ದರಿಂದ ವಾಲಿಯನ್ನು ಇಲ್ಲೇ ಸುಟ್ಟಿದ್ದು ರುಜುವಾತಾಯಿತು. ಅಲ್ಲ ಸ್ವಾಮಿ, ಅದೇ ವಿಜ್ಞಾನಿಗಳು ಸಗಣಿ ಎಂದಿದ್ದಾರೆ! ರಿಪೋರ್ಟಿನ ಅರ್ಧ ಹಾಳೆ ಹರಿದು ತೋರಿಸಿದರೆ ಅದು ಪುರಾವೆ ಆಗುತ್ತದಾ? ವಾಲಿಯ ಕಥೆಗೆ ಇದರಿಂದ ಮೂರು ಕಾಸಿನ ಲಾಭ ಇಲ್ಲ, ಅದು ಮೊದಲೇ ಚೆನ್ನಾಗಿತ್ತು. ಆದರೆ ದನ ಕಾಯ್ದ ಆ ಜನ ಮಾಯವಾದರು. ಅವರಿಗೆ ಹೆಸರಿಲ್ಲ, ಶಾಸನವಿಲ್ಲ, ಅವರು ಬಿಟ್ಟುಹೋದದ್ದರಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮುಖ್ಯವಾಗಿ ಈ ಬೂದಿ. ಅದನ್ನೂ ಕಸಿದುಕೊಂಡರೆ ಅವರಿಗೆ ಉಳಿಯುವುದೇನು?

ನಮ್ಮ ಕೆಲಸದ ಭಾಷೆಯಲ್ಲಿ ಹೇಳುತ್ತೇನೆ. ಪೇಷಂಟ್ ಬಂದಾಗ ಮೊದಲು ಹಿಸ್ಟರಿ ತಗೊಳ್ಳುತ್ತೇವೆ. "ಎದೆ ಮೇಲೆ ಬೀಸುಕಲ್ಲು ಇಟ್ಟ ಹಾಗೆ ಆಗ್ತದೆ" ಎಂದು ಅವರು ಹೇಳಿದರೆ, ಅದನ್ನು ಅವರ ಮಾತಿನಲ್ಲೇ ಬರೆಯಬೇಕು ಎಂದು ಫಸ್ಟ್ ಇಯರ್‌ನಲ್ಲೇ ಕಲಿಸುತ್ತಾರೆ. ಬೀಸುಕಲ್ಲು ಇಲ್ಲವಲ್ಲ ಎಂದು ಆ ಸಾಲನ್ನು ಹೊಡೆದು ಹಾಕುವ ನರ್ಸ್ ದಡ್ಡಿ. ಎದೆ ಮೇಲೆ ನಿಜವಾಗಿ ಬೀಸುಕಲ್ಲು ಇದೆ ಎಂದು ಎಕ್ಸ್‌ರೇಯಲ್ಲಿ ಹುಡುಕುವವಳು ಅದಕ್ಕಿಂತ ದಡ್ಡಿ. ಇಸಿಜಿಗೆ ಅದರದೇ ಕಾಲಂ ಇದೆ, ಪೇಷಂಟ್ ಮಾತಿಗೆ ಅದರದೇ ಕಾಲಂ ಇದೆ. ಎರಡೂ ಫೈಲಿನಲ್ಲಿ ಇರಬೇಕು, ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬಾರದು.

ನೈಟ್ ಡ್ಯೂಟಿಗೆ ಬಸ್ ಬರುವ ಹೊತ್ತಾಯಿತು. ಮುಂದಿನ ಕಂತು ನಾಳೆ.

ಕಂತು 2

ನಿನ್ನೆಯ ಕಂತಿಗೆ ಎರಡು ಥರದ ಜನ ಬೈದಿದ್ದಾರೆ. ಒಳ್ಳೆಯ ಲಕ್ಷಣ.

ಒಂದು ಗುಂಪು: "ಸಿಸ್ಟರ್, ನಿಮ್ಮ ಕೆಲಸ ಇಂಜೆಕ್ಷನ್ ಕೊಡೋದು, ಧರ್ಮದ ವಿಷಯಕ್ಕೆ ಕೈ ಹಾಕಬೇಡಿ." ಇನ್ನೊಂದು ಗುಂಪು: "ಇದೆಲ್ಲ ಕಟ್ಟುಕಥೆ, ಇಪ್ಪತ್ತೊಂದನೇ ಶತಮಾನದಲ್ಲಿ ವಾಲಿ-ಸುಗ್ರೀವ ಅಂತ ಕೂತಿದ್ದೀರಲ್ಲ, ಹಂಪಿಗೆ ಹೋದರೆ ವಿಜಯನಗರದ ಇತಿಹಾಸ ನೋಡಿ ಬನ್ನಿ ಸಾಕು."

ಎರಡನೆಯವರಿಗೆ ಮೊದಲು ಉತ್ತರ, ಯಾಕೆಂದರೆ ಅವರು ಓದಿದವರು ಅಂದುಕೊಂಡಿದ್ದಾರೆ. ಅಣ್ಣಾ, ಕಥೆ ತೆಗೆದರೆ ನಿಮ್ಮ ವಿಜಯನಗರದ ಇತಿಹಾಸ ಅರ್ಧ ಅರ್ಥವಾಗುವುದಿಲ್ಲ. ಹಂಪಿ ಎಂಬ ಹೆಸರೇ ಪಂಪಾ ಎಂಬುದರಿಂದ ಬಂದದ್ದು, ಹಾಲು ಹಿಂದೆ ಪಾಲು ಆಗಿದ್ದ ಹಾಗೆ ಪಕಾರ ಹಕಾರವಾಯಿತು. ಪಂಪೆ ಶಿವನಿಗಾಗಿ ಹೇಮಕೂಟದಲ್ಲಿ ತಪಸ್ಸು ಮಾಡಿದಳೆಂಬ ಕಥೆ ವಿರೂಪಾಕ್ಷನ ಗುಡಿಯ ಜೀವ. ಈಗಲೂ ಪಂಪಾ-ವಿರೂಪಾಕ್ಷರ ಕಲ್ಯಾಣೋತ್ಸವ ನಡೆಯುತ್ತದೆ. ಗಿರಿಜಾ ಕಲ್ಯಾಣ ಬರೆದ ಕವಿ ಹರಿಹರ ಆ ದೇವರ ಮುಂದೆ ಕೂತಿದ್ದಾಗ ವಿಜಯನಗರ ಇನ್ನೂ ಹುಟ್ಟಿರಲೇ ಇಲ್ಲ. 1336ರಲ್ಲಿ ಹರಿಹರ-ಬುಕ್ಕರು ಹೊಸ ರಾಜ್ಯ ಕಟ್ಟಿದಾಗ ಖಾಲಿ ಬಂಡೆಗಳ ನಡುವೆ ಕಟ್ಟಲಿಲ್ಲ, ಮೊದಲೇ ಜನ ಕೈ ಮುಗಿಯುತ್ತಿದ್ದ ಜಾಗಕ್ಕೆ ಬಂದರು. ಮೊಲ ನಾಯಿಯನ್ನು ಅಟ್ಟಿಸಿತು ಎಂಬ ಕಥೆ ಇದೆಯಲ್ಲ, ಅಹಮದಾಬಾದಿನವರೂ ತಮ್ಮ ಊರಿಗೆ ಅದನ್ನೇ ಹೇಳುತ್ತಾರೆ, ಇರಲಿ.

ಹದಿನೈದನೇ ಶತಮಾನಕ್ಕೆ ಬನ್ನಿ. ಅರಮನೆ ಆವರಣದ ನಟ್ಟನಡುವೆ ಹಜಾರ ರಾಮ ದೇವಸ್ಥಾನ ಎದ್ದಿತು. ಗೋಡೆಯ ತುಂಬ ರಾಮಾಯಣದ ಸಾಲು ಶಿಲ್ಪ, ಹೊರ ಪ್ರಾಕಾರದ ಮೇಲೆ ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಒಳಗೆ ರಾಮನ ಕಥೆ, ಹೊರಗೆ ರಾಜನ ಮೆರವಣಿಗೆ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಎಂಬ ಇಬ್ಬರು 1980ರ ದಶಕದಿಂದ ವರ್ಷಗಟ್ಟಲೆ ಈ ಊರನ್ನು ಅಳೆದರು. ಈ ಗುಡಿಯಿಂದ ನೇರ ಉತ್ತರಕ್ಕೆ ಮತಂಗ ಪರ್ವತ ಬರುತ್ತದೆ, ಈಶಾನ್ಯಕ್ಕೆ ಮಾಲ್ಯವಂತ ಬರುತ್ತದೆ ಎಂದು ಅವರು ತೋರಿಸಿದ್ದಾರೆ. ಮತಂಗ ಅಂದರೆ ವಾಲಿಗೆ ಹೆದರಿದ ಸುಗ್ರೀವನಿಗೆ ನೆಲೆ ಕೊಟ್ಟ ಋಷಿಯ ಹೆಸರಿನ ಬೆಟ್ಟ. ಮಾಲ್ಯವಂತ ಅಂದರೆ ರಾಮ-ಲಕ್ಷ್ಮಣರು ಮಳೆಗಾಲ ಕಳೆದ ಜಾಗ. ರಾಜರು ತಮ್ಮ ಪಟ್ಟಣವನ್ನು ಕಥೆಯ ನಕ್ಷೆಯ ಮೇಲೆ ಕೂರಿಸಿದ್ದಾರೆ. ಪುರಾಣವನ್ನು ಬದಿಗಿಟ್ಟು ಈ ಕಲ್ಲನ್ನು ನೋಡಿದರೆ ನಿಮಗೆ ಕಾಣುವುದು ಕಲ್ಲು ಮಾತ್ರ. ಹಾಳು ಹಂಪಿ ಎಂದು ಬೈದು ವಾಪಸ್ ಬರುತ್ತೀರಿ.

ಇನ್ನು ಮೊದಲ ಗುಂಪು. ನಿಮಗೆ ಹನುಮಂತನ ವಿಷಯ ಹೇಳುತ್ತೇನೆ.

2021ರ ಏಪ್ರಿಲ್‌ನಲ್ಲಿ, ರಾಮನವಮಿಯ ದಿನ, ತಿರುಮಲದವರು ಹನುಮಂತ ಹುಟ್ಟಿದ್ದು ತಮ್ಮ ಏಳು ಬೆಟ್ಟಗಳಲ್ಲೇ ಎಂದು ಘೋಷಿಸಿದರು. ಅದಕ್ಕೊಂದು ಸಮಿತಿ, ಒಂದು ವರದಿ. ನಮ್ಮ ಕಿಷ್ಕಿಂಧೆ ಕಡೆಯವರು ಎದ್ದು ನಿಂತರು, ಅಂಜನಾದ್ರಿ ನಮ್ಮದು ಎಂದರು. ಗೋಕರ್ಣದಲ್ಲಿ ಹುಟ್ಟಿದ ಎಂದು ಇನ್ನೊಂದು ವಾದ ಬಂತು. ಜಾರ್ಖಂಡದ ಗುಮ್ಲಾದಲ್ಲಿ ಆಂಜನ್ ಎಂಬ ಊರಿದೆ, ಅವರಿಗೆ ಅವರ ಊರೇ. ನಾಸಿಕದ ಹತ್ತಿರ ಅಂಜನೇರಿ ಬೆಟ್ಟ ಇದೆ, ಅವರಿಗೆ ಅದು. 2022ರಲ್ಲಿ ನಾಸಿಕದಲ್ಲಿ ಇದರ ಮೇಲೆ ಚರ್ಚೆ ಕರೆದರು, ಅದು ಸಾಧುಗಳ ನಡುವಿನ ಜಗಳದಲ್ಲಿ ಮುಗಿಯಿತು. ಟೀವಿಯಲ್ಲಿ ಎಲ್ಲರೂ ನೋಡಿದ್ದೀರಿ.

ಈ ಜಗಳ ಯಾಕೆ ಬಂತು? ಭಕ್ತಿಯಿಂದ ಬರಲಿಲ್ಲ. ಸಾವಿರ ಊರಿನಲ್ಲಿ ಹನುಮಪ್ಪನ ಗುಡಿ ಇದೆ, ನಮ್ಮೂರ ಅಗಸಿ ಬಾಗಿಲಲ್ಲೂ ಇದ್ದಾನೆ. ಒಬ್ಬ ಹನುಮಪ್ಪ ಇನ್ನೊಬ್ಬನ ಮೇಲೆ ಕೇಸ್ ಹಾಕಿದ್ದನ್ನು ಯಾರೂ ಕೇಳಿಲ್ಲ. ಆಂಜನೇಯ ಇಲ್ಲೂ ಹುಟ್ಟಿದ ಎಂದರೆ ಭಕ್ತಿಗೆ ಯಾವ ತೊಂದರೆಯೂ ಇಲ್ಲ. "ಇಲ್ಲೇ ಹುಟ್ಟಿದ, ಬೇರೆಲ್ಲೂ ಅಲ್ಲ, ಇದೋ ದಾಖಲೆ" ಎಂದ ಕೂಡಲೇ ಜಗಳ ಶುರು. ಬರ್ತ್ ಸರ್ಟಿಫಿಕೇಟ್ ಒಂದೇ ಇರಲು ಸಾಧ್ಯ. ನಂಬಿಕೆಯನ್ನು ಕಚೇರಿಯ ಕಾಗದ ಮಾಡಿದ್ದೇ ನೀವು, ಆಮೇಲೆ ನಮ್ಮಂಥವರನ್ನು ಧರ್ಮಕ್ಕೆ ಕೈ ಹಾಕಬೇಡಿ ಎನ್ನುತ್ತೀರಿ.

ನನ್ನ ವಾರ್ಡಿನಲ್ಲಿ ಒಬ್ಬ ಶ್ರೀಲಂಕಾದ ನರ್ಸ್ ಇದ್ದಾಳೆ. ಅವರ ದೇಶದ ಶ್ರೀಪಾದ ಬೆಟ್ಟದ ಬಗ್ಗೆ ಮಾತು ಬಂತು. ತುದಿಯ ಬಂಡೆಯಲ್ಲಿ ದೊಡ್ಡ ಪಾದದ ಗುರುತಿದೆ. ಬೌದ್ಧರಿಗೆ ಅದು ಬುದ್ಧನ ಪಾದ, ತಮಿಳು ಹಿಂದೂಗಳಿಗೆ ಶಿವನ ಪಾದ, ಮುಸ್ಲಿಮರಿಗೆ ಸ್ವರ್ಗದಿಂದ ಇಳಿದ ಆದಮನ ಪಾದ, ಕೆಲವು ಕ್ರೈಸ್ತರಿಗೆ ಸಂತ ಥಾಮಸರದ್ದು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಕೂಡ ಹತ್ತಿ ಬಂದಿದ್ದ. ಪ್ರತಿ ವರ್ಷ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೇಸಾಕ್‌ವರೆಗೆ ರಾತ್ರಿಯಿಡೀ ಜನ ಹತ್ತುತ್ತಾರೆ. ಅದೇ ಮೆಟ್ಟಿಲು, ಅದೇ ಚಳಿ, ಅದೇ ಚಹಾ ಅಂಗಡಿ. ಆ ದ್ವೀಪದಲ್ಲಿ ಜನಾಂಗದ ಹೆಸರಿನಲ್ಲಿ ಎಷ್ಟು ರಕ್ತ ಹರಿಯಿತು ಎಂದು ನಮಗೆ ಗೊತ್ತು, ಅಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಪಾದ ಯಾರದ್ದೆಂದು ಅಳತೆ ಪಟ್ಟಿ ಹಿಡಿದು ತೀರ್ಪು ಕೊಡುವುದು ಅಲ್ಲಿ ಬೆಟ್ಟ ಹತ್ತಲು ಬೇಕಿರಲಿಲ್ಲ.

ನಾವು ಇರುವ ದೇಶದಲ್ಲೂ ಉದಾಹರಣೆ ಇದೆ. ಸಿಲಿಕಾನ್ ಓಯಸಿಸ್‌ನಿಂದ ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ರಾಸ್ ಅಲ್ ಖೈಮಾ. ಅದರ ಆಚೆ ಶಿಮಾಲ್ ಎಂಬಲ್ಲಿ ಗುಡ್ಡದ ಮೇಲೆ ಒಂದು ಹಾಳು ಕೋಟೆ. ಪ್ರವಾಸಿ ಪುಸ್ತಕಗಳಲ್ಲಿ ಅದು ಶೀಬಾ ರಾಣಿಯ ಅರಮನೆ. ಅರಬ್ಬಿಯಲ್ಲಿ ಕಸ್ರ್ ಅಲ್ ಜಬ್ಬಾ, ಜಬ್ಬಾ ಎಂದರೆ ಅರಬ್ಬರ ಕಥೆಗಳಲ್ಲಿ ಸಿರಿಯಾದ ಪಾಲ್ಮೈರಾ ನಗರದ ರಾಣಿ ಜೆನೋಬಿಯಾ. ಅಂದರೆ ಒಂದೇ ಕೋಟೆಗೆ ಇಬ್ಬರು ರಾಣಿಯರು, ಇಬ್ಬರೂ ಈ ಕಡೆ ಕಾಲಿಟ್ಟದ್ದಕ್ಕೆ ಪುರಾವೆ ಇಲ್ಲ! ಶೀಬಾ ರಾಣಿಯನ್ನು ಯೆಮನ್‌ನವರು ತಮ್ಮವಳು ಎನ್ನುತ್ತಾರೆ, ಬಿಲ್ಕೀಸ್ ಎಂದು ಕರೆಯುತ್ತಾರೆ. ಇಥಿಯೋಪಿಯಾದವರು ಮಕೆಡಾ ಎಂದು ಕರೆದು ತಮ್ಮ ರಾಜವಂಶವನ್ನೇ ಅವಳಿಂದ ಶುರು ಮಾಡುತ್ತಾರೆ. ಪುರಾತತ್ತ್ವದವರ ಪ್ರಕಾರ ಈ ಕೋಟೆ ಮಧ್ಯಯುಗದ್ದು, ಕೆಳಗಿನ ಜುಲ್ಫಾರ್ ಬಂದರಿನ ಆಳುವವರಿಗೆ ಸೇರಿದ್ದು. ಮೇಲೆ ಕಮಾನು ಚಾವಣಿಯ ನೀರಿನ ತೊಟ್ಟಿ ಇದೆ, ಅಲ್ಲಿಂದ ಕೆಳಗೆ ಖರ್ಜೂರದ ತೋಟ, ಆಚೆ ಸಮುದ್ರ ಕಾಣುತ್ತದೆ.

ಜುಲ್ಫಾರ್ ಬೇರೆಯವರ ಕಥೆ ಎಂದು ತಿಳಿಯಬೇಡಿ. ಈ ಬಂದರು ಹೊರ್ಮುಜ್ ರಾಜ್ಯದ ಕೈಕೆಳಗಿತ್ತು, ಹೊರ್ಮುಜ್‌ನಿಂದ ಕುದುರೆಗಳು ಹಡಗಿನಲ್ಲಿ ವಿಜಯನಗರಕ್ಕೆ ಹೋಗುತ್ತಿದ್ದವು. ಅಬ್ದುರ್ ರಜಾಕ್ ಎಂಬ ರಾಯಭಾರಿ 1442ರಲ್ಲಿ ಹೊರ್ಮುಜ್‌ನಿಂದ ಹೊರಟು ಮಸ್ಕತ್ ಮುಟ್ಟಿ, ಕಲ್ಲಿಕೋಟೆಗೆ ಬಂದು, 1443ರಲ್ಲಿ ಎರಡನೇ ದೇವರಾಯನ ಹಂಪಿ ನೋಡಿದ. ಗಲ್ಫ್-ಕರ್ನಾಟಕ ಓಡಾಟ ನಮ್ಮಿಂದ ಶುರುವಾದದ್ದಲ್ಲ ಅಂತ ನನಗೆ ಖುಷಿಯಾದದ್ದು ಆ ಗುಡ್ಡದ ಮೇಲೆ. "ಶೀಬಾ ಅರಮನೆ" ಎಂಬ ಹೆಸರು ಕೇಳಿಯೇ ನಾನು ಅಲ್ಲಿಗೆ ಹೋದದ್ದು. ಕಥೆ ಕರೆಯಿತು, ಹೋದ ಮೇಲೆ ಇತಿಹಾಸ ಸಿಕ್ಕಿತು. ಅಲ್ಲಿ ಯಾರೂ ರಾಣಿಯ ಹೆಜ್ಜೆ ಗುರುತಿಗೆ ಕಾರ್ಬನ್ ಡೇಟಿಂಗ್ ಮಾಡಿಸಿದ್ದೇವೆ ಎಂದು ನನಗೆ ಹೇಳಲಿಲ್ಲ.

ಕಂತು 3

"ಪುರಾವೆ ಎಂದರೆ ಏನಾಯ್ತೀಗ, ಯಾರಿಗೆ ನಷ್ಟ?" ಎಂದು ಒಬ್ಬರು ಅಕ್ಕ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಯಾರಿಗೆ ನಷ್ಟ ಎಂದೇ ಈ ಕಂತು.

ಹಿರೇಬೆಣಕಲ್ ಎಂಬ ಊರು ಗಂಗಾವತಿಯಿಂದ ದೂರವಿಲ್ಲ. ಊರ ಹಿಂದಿನ ಗುಡ್ಡ ಹತ್ತಿದರೆ ಕಲ್ಲಿನ ಮನೆಗಳ ಊರೊಂದು ಸಿಗುತ್ತದೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದು, ಕೆಲವಕ್ಕೆ ದುಂಡನೆ ಕಿಂಡಿ. ಸುಮಾರು 400 ಇವೆ. ಬೃಹತ್ ಶಿಲಾಯುಗದ ಸಮಾಧಿ-ಸ್ಮಾರಕಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಬಂಡೆಯ ಮೇಲೆ ನಗಾರಿ ಆಕಾರದ ಒಂದು ದೊಡ್ಡ ಕಲ್ಲಿದೆ, ಬಡಿದರೆ ದೂರದವರೆಗೆ ದನಿ ಹೋಗುತ್ತದೆ. 2021ರಲ್ಲಿ ಇದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ನಮ್ಮ ಜನ ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯರು ಎಂದರೆ ಕುಳ್ಳರು, ಗೇಣುದ್ದದ ಜನ, ಅವರು ಕಟ್ಟಿದ ಮನೆ ಎಂದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ? ಕಿಂಡಿಯಲ್ಲಿ ಮುಖ ತೂರಿಸಿ ಕುಳ್ಳರನ್ನು ಹುಡುಕುತ್ತಾರೆ.

ಇಲ್ಲಿಗೂ ಪುರಾವೆಯವರು ಬಂದಿದ್ದಾರೆ. ಮೋರ್ಯ ಎಂದರೆ ಮೌರ್ಯ, ಚಂದ್ರಗುಪ್ತ ಮೌರ್ಯನ ಕಡೆಯವರು ಕಟ್ಟಿದ್ದು ಎಂದು ಫಾರ್ವರ್ಡ್ ಓಡಾಡುತ್ತಿದೆ. ಮೌರ್ಯರು ಈ ಕಡೆ ಬಂದದ್ದಕ್ಕೆ ಗಟ್ಟಿ ಸಾಕ್ಷಿ ಬೇಕಾದರೆ ಕೊಪ್ಪಳಕ್ಕೆ ಹೋಗಿ. ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಮಸ್ಕಿಗೆ ಹೋಗಿ, 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಗಟ್ಟಿಯಾದದ್ದು ಅದರಿಂದ. ಇಷ್ಟು ದೊಡ್ಡ ಸಾಕ್ಷಿ ಪಕ್ಕದಲ್ಲೇ ಇರುವಾಗ ಒಂದು ಅಕ್ಷರ ಎಳೆದು ಸಮಾಧಿಗಳನ್ನು ಮೌರ್ಯರ ಹೆಸರಿಗೆ ಬರೆಯುವುದೇಕೆ? ಆ ಸಮಾಧಿಯೊಳಗೆ ಮಲಗಿದವರು ಇಲ್ಲಿಯ ಜನ. ಅವರಿಗೆ ಪಾಟಲಿಪುತ್ರದ ವಿಳಾಸ ಬೇಕಿಲ್ಲ.

ಹೀಗೆ ಪುರಾವೆ ಹುಡುಕುವ ಕಣ್ಣು ದೊಡ್ಡ ಹೆಸರು ಇರುವ ಕಡೆ ಮಾತ್ರ ನಿಲ್ಲುತ್ತದೆ. ಹೆಸರಿಲ್ಲದವರ ಬೂದಿ, ಹೆಸರಿಲ್ಲದವರ ಸಮಾಧಿ, ಇವತ್ತು ಅಲ್ಲೇ ಬದುಕುತ್ತಿರುವ ಹೆಸರಿಲ್ಲದವರ ಮನೆ, ಯಾವುದೂ ಅದಕ್ಕೆ ಕಾಣುವುದಿಲ್ಲ. ಟೂರ್ ಬಸ್ ಅಲ್ಲಿ ನಿಲ್ಲುವುದಿಲ್ಲ. ಬಸ್ ನಿಲ್ಲದ ಕಡೆ ದುಡ್ಡೂ ಇಳಿಯುವುದಿಲ್ಲ, ಕಾವಲೂ ಬರುವುದಿಲ್ಲ.

ಕಲ್ಲಿಗೂ ನಷ್ಟ. 2019ರ ಆರಂಭದಲ್ಲಿ ಹಂಪಿಯಲ್ಲಿ ಕೆಲವು ಹುಡುಗರು ಒಂದು ಕಂಬ ಉರುಳಿಸುವ ವಿಡಿಯೊ ಹರಿದಾಡಿತು, ನೆನಪಿದೆಯಾ? ಕೋರ್ಟ್ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಲ್ಲೇ ಕಂಬ ಮತ್ತೆ ನಿಲ್ಲಿಸಲು ಕೈ ಹಚ್ಚುವಂತೆ ಮಾಡಿತು. ಆ ಶಿಕ್ಷೆ ನನಗೆ ಬಹಳ ಹಿಡಿಸಿತು. ಕಂಬ ಉರುಳಿಸುವವನಿಗೆ ಅದು ಯಾರದ್ದೂ ಅಲ್ಲದ ಕಲ್ಲು. ರಾಮ ನಿಂತ ಜಾಗ ಎಂದು ಬೋರ್ಡ್ ಇದ್ದಿದ್ದರೆ ಮುಟ್ಟುತ್ತಿರಲಿಲ್ಲ ಎಂದು ನೀವು ಹೇಳಬಹುದು. ಹಾಗಾದರೆ ಬೋರ್ಡ್ ಇಲ್ಲದ ಕಲ್ಲಿನ ಗತಿ? ಹಂಪಿಯಲ್ಲಿ ಬೋರ್ಡ್ ಇಲ್ಲದ ಕಲ್ಲೇ ಜಾಸ್ತಿ.

ಜನರಿಗೆ ಆದ ನಷ್ಟದ ಮಾತು ಬಂದರೆ ನನ್ನ ಗಂಟಲು ಕಟ್ಟುತ್ತದೆ, ಚುಟುಕಾಗಿ ಹೇಳುತ್ತೇನೆ. ಹಂಪಿ 1986ರಲ್ಲಿ ವಿಶ್ವ ಪರಂಪರೆ ತಾಣವಾಯಿತು. ಸೇತುವೆ ಕಟ್ಟುವ ಗಲಾಟೆಯಲ್ಲಿ 1999ರಲ್ಲಿ ಅಪಾಯದ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಬಂತು. ಆನೆಗೊಂದಿ-ತಳವಾರಘಟ್ಟದ ಆ ಸೇತುವೆ 2009ರಲ್ಲಿ ಕುಸಿದು ಕಾರ್ಮಿಕರು ಸತ್ತರು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ನೂರಾರು ಕುಟುಂಬಗಳನ್ನು ಎಬ್ಬಿಸಿದರು. 2020ರಲ್ಲಿ ವಿರೂಪಾಪುರ ಗಡ್ಡೆಯ ಕಟ್ಟಡಗಳು ಬಿದ್ದವು. ಸ್ಮಾರಕ ಉಳಿಯಬೇಕು, ನಿಯಮ ಬೇಕು, ಒತ್ತುವರಿ ತಪ್ಪು, ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಬಂದುಹೋಗುವ ನಮಗೆ ಕಿಷ್ಕಿಂಧೆ ತೋರಿಸುವುದಕ್ಕಾಗಿ ಅಲ್ಲೇ ಹುಟ್ಟಿ, ಅಲ್ಲೇ ಆ ಕಥೆಯನ್ನು ಕಾಪಾಡಿಕೊಂಡು ಬಂದವರು ದೂರ ಸರಿಯಬೇಕಾದರೆ, ಕನಿಷ್ಠ ನಾವು ಅವರ ಬಾಯಿಂದ ಕಥೆ ಕೇಳಬಾರದೇ? ದುಬೈಯಿಂದ ಹೋದವರಿಗೆ ಬೆಂಗಳೂರಿನ ಗೈಡ್, ಹೊಸಪೇಟೆಯ ಹೋಟೆಲ್, ಮೊಬೈಲಿನಲ್ಲಿ ಪುರಾವೆಯ ವಿಡಿಯೊ. ಹರಗೋಲು ಹಾಕುವವನ ಹತ್ತಿರ ಮಾತಾಡಿದ್ದು "ಎಷ್ಟು" ಎಂಬ ಒಂದೇ ಪದ.

2022ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಇಟ್ಟರು. ಹನುಮ ಹುಟ್ಟಿದ ಜಾಗ ಯಾವುದೆಂಬ ಜಗಳದ ಬೆನ್ನಿಗೇ ಅದು ಬಂತು. ದುಡ್ಡು ನಮ್ಮ ತಾಲೂಕಿಗೆ ಬರುವುದಾದರೆ ನನಗೇನು ಹೊಟ್ಟೆಕಿಚ್ಚಿಲ್ಲ, ಬರಲಿ, ರಸ್ತೆ ಆಗಲಿ, ಶೌಚಾಲಯ ಆಗಲಿ. ಅದರಲ್ಲಿ ನೂರನೇ ಒಂದು ಪಾಲು ನಿಂಬಾಪುರದ ದಿಬ್ಬದ ಸುತ್ತ ಬೇಲಿಗೆ, ಹಿರೇಬೆಣಕಲ್ಲಿಗೆ ಒಂದು ಒಳ್ಳೆಯ ಕನ್ನಡ ಫಲಕಕ್ಕೆ, ಊರ ಹುಡುಗ-ಹುಡುಗಿಯರಿಗೆ ಗೈಡ್ ತರಬೇತಿಗೆ ಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಕೇಳಬೇಕಾದವರು ನಾವೇ. ಕನ್ನಡ ರಾಜ್ಯೋತ್ಸವಕ್ಕೆ ಊರಿನ ರಾಜಕಾರಣಿಗಳನ್ನು ಇಲ್ಲಿಗೆ ಕರೆಸಿ ಶಾಲು ಹೊದಿಸುತ್ತೇವಲ್ಲ, ಮುಂದಿನ ಸಲ ಶಾಲಿನ ಜೊತೆ ಈ ಅರ್ಜಿಯನ್ನೂ ಕೈಗೆ ಕೊಡಿ.

ಇನ್ನು ಈ ವರ್ಷ ಹೋಗುವವರಿಗೆ ಸಿಸ್ಟರ್ ಮಾತು, ಇದರಲ್ಲಿ ಯಾರ ಜೊತೆಗೂ ಜಗಳವಿಲ್ಲ.

ಅಂಜನಾದ್ರಿಗೆ 575 ಮೆಟ್ಟಿಲು. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಬೆಳಗಿನ ಬಿಪಿ ಮಾತ್ರೆ ತಪ್ಪಿಸಬೇಡಿ, ದರ್ಶನ ಆದ ಮೇಲೆ ತಿನ್ನುತ್ತೇನೆ ಎನ್ನುವ ಶುಗರ್ ಪೇಷಂಟ್‌ಗಳ ಮಾತು ಕೇಳಬೇಡಿ. ಬೆಳಕು ಹರಿಯುವಾಗಲೇ ಹತ್ತಿ, ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. ಎದೆ ಹಿಡಿದುಕೊಂಡರೆ, ಎಡಗೈ ಎಳೆದರೆ, ಸುಮ್ಮನೆ ಬೆವರಿದರೆ, ಹನುಮಪ್ಪ ಕೆಳಗಿನಿಂದ ಕೈ ಮುಗಿದರೂ ಕೋಪ ಮಾಡಿಕೊಳ್ಳುವುದಿಲ್ಲ, ಇಳಿಸಿಕೊಂಡು ಗಂಗಾವತಿಗೆ ಬನ್ನಿ. ಒಂದು ಬೆಟ್ಟದಲ್ಲಿ, ಹೆಸರು ಬೇಡ, ಪ್ರಜ್ಞೆ ತಪ್ಪಿದ ಹಿರಿಯರೊಬ್ಬರ ಸುತ್ತ ಜನ ಗುಂಪು ಕಟ್ಟಿ ಗಾಳಿ ಬಿಡದೆ ನಿಂತು, ತೀರ್ಥ ಕುಡಿಸಲು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ.

ಕಮಲಾಪುರದ ಪುರಾತತ್ತ್ವ ಮ್ಯೂಸಿಯಂ ತಪ್ಪಿಸಬೇಡಿ, ಶುಕ್ರವಾರ ರಜೆ, ನಮ್ಮ ಹಳೇ ದುಬೈ ವಾರಾಂತ್ಯದ ಹಾಗೆ. ಅಲ್ಲಿ ಇಡೀ ಹಂಪಿಯ ಬೆಟ್ಟ-ನದಿಯ ಮಾದರಿ ಇದೆ, ಮಕ್ಕಳಿಗೆ ಮೊದಲು ಅದನ್ನು ತೋರಿಸಿ, ಆಮೇಲೆ ಮತಂಗ ಎಲ್ಲಿ, ಮಾಲ್ಯವಂತ ಎಲ್ಲಿ ಎಂದು ಹುಡುಕಲು ಹಚ್ಚಿ. ಬಳ್ಳಾರಿ ಮೇಲೆ ಹೋಗುವವರು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ನೋಡಿ, ಬೂದಿ ದಿಬ್ಬ ಎಂದರೆ ಏನು ಎಂದು ಗೊತ್ತಾಗುತ್ತದೆ. ಹಿರೇಬೆಣಕಲ್ಲಿಗೆ ಊರಿನವರನ್ನೇ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ದಾರಿ ಬಂಡೆಗಳ ನಡುವೆ ತಪ್ಪುತ್ತದೆ, ಮೇಲೆ ನೀರು ಸಿಗುವುದಿಲ್ಲ, ಕರಡಿ ಓಡಾಡುವ ಸೀಮೆ ಅದು, ಸಂಜೆ ಮಾಡಿಕೊಳ್ಳಬೇಡಿ. ಅವರಿಗೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ, ನಾವು ಇಲ್ಲಿ ಒಂದು ಕರಕ್ ಚಹಾಕ್ಕೆ ಎಷ್ಟು ಕೊಡುತ್ತೇವೆ ಎಂದು ಲೆಕ್ಕ ಹಾಕಿ ನೋಡಿ.

ಗೈಡ್ ಏನಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: "ಇದು ಊರವರು ಹೇಳೋ ಕಥೆನಾ, ಅಗೆದು ನೋಡಿದವರು ಹೇಳಿದ್ದಾ?" ಒಳ್ಳೆಯ ಗೈಡ್ ಆದರೆ ಖುಷಿಯಿಂದ ಎರಡನ್ನೂ ಬೇರೆ ಬೇರೆ ಮಾಡಿ ಹೇಳುತ್ತಾರೆ. ಕಮಲಾಪುರದ ಕಡೆ ಅಂಥವರು ಇದ್ದಾರೆ. ನಿಂಬಾಪುರಕ್ಕೆ ಹೋಗುವ ದಾರಿ ಗೊತ್ತಾಗದಿದ್ದರೆ ವಿಠ್ಠಲ ದೇವಸ್ಥಾನದ ಹೊರಗೆ ಎಳನೀರು ಮಾರುವ ಯಾವ ಅಜ್ಜಿಯನ್ನಾದರೂ ಕೇಳಿ, ವಾಲಿಯ ಬೂದಿ ಎಲ್ಲಿ ಎಂದು ಕೇಳಿದರೆ ಸಾಕು. ನವಶಿಲಾಯುಗದ ದಿಬ್ಬ ಎಂದು ಕೇಳಿದರೆ ಆಕೆ ನಿಮ್ಮ ಮುಖ ನೋಡುತ್ತಾಳೆ.